ಅಪ್ಪನ ಟವೆಲ್ಲು, ನಮ್ಮ ಕರಿ ಕಾರು

ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಒಂದು ದಿನ ಓಡಾಡಿ ಬಂದರೆ ಸಾಕು, ನಮ್ಮ ಕರಿ ಕಾರು ಕರಿಯಾಗಿ ಉಳಿಯುವುದಿಲ್ಲ. ಬಾನೆಟ್ ಮೇಲೆ ಬೆರಳಿಟ್ಟರೆ ಬೆರಳು ಕೆಂಪು. ಗಾಜಿನ ಮೇಲೆ ಮಕ್ಕಳು ಹೆಸರು ಬರೆದಿರುತ್ತಾರೆ.

ನಾವು ಅಣ್ಣತಮ್ಮ ಇಬ್ಬರೂ ಪಾಲು ಹಾಕಿ, ಸಾಲ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಸುದ್ದಿ ಓಡಾಟಕ್ಕೆ, ಅವ್ವನ ಆಸ್ಪತ್ರೆಗೆ, ನೆಂಟರ ಮದುವೆಗೆ ಎಲ್ಲಕ್ಕೂ ಅದೊಂದೇ. ಕರಿ ಬಣ್ಣ ಬೇಡ, ಧೂಳು ಕಾಣುತ್ತದೆ ಎಂದು ಎಲ್ಲರೂ ಹೇಳಿದ್ದರು. ಬೆಲೆ ಕಡಿಮೆ ಇದ್ದದ್ದು ಕರಿಯದೇ.

ಅಪ್ಪ 28 ವರ್ಷ ಲಾರಿ ಓಡಿಸಿದವರು. ಬೆಳಗ್ಗೆ ಎದ್ದು ಚಹಾ ಕುಡಿಯುವ ಮೊದಲು ಗಾಡಿ ಒರೆಸಬೇಕು, ಅದು ಅವರ ನೇಮ. ಕಾರು ಮನೆಗೆ ಬಂದ ಮರುದಿನದಿಂದಲೇ ಹೆಗಲ ಮೇಲಿನ ಟವೆಲ್ಲು ಝಾಡಿಸಿ ಬಾನೆಟ್ಟಿಂದ ಡಿಕ್ಕಿಯವರೆಗೆ ಗುಂಡುಗುಂಡಗೆ ಒರೆಸತೊಡಗಿದರು. ಮೊಣಕಾಲು ನೋವಿದ್ದರೂ ಬಿಡಲಿಲ್ಲ. ನಮಗೂ ಖುಷಿಯೇ.

ಹೀಗೆ ಏಳೆಂಟು ತಿಂಗಳು ಕಳೆಯಿತು. ಒಂದು ರಾತ್ರಿ ಪೆಟ್ರೋಲ್ ಬಂಕಿನ ಬಿಳಿ ದೀಪದ ಕೆಳಗೆ ಗಾಡಿ ನಿಲ್ಲಿಸಿದಾಗ ಬಾನೆಟ್ ತುಂಬ ಜೇಡರ ಬಲೆ ಕಂಡಿತು. ಸಣ್ಣ ಸಣ್ಣ ಗೆರೆಗಳು, ಎಲ್ಲ ದೀಪದ ಸುತ್ತ ಸುತ್ತಿಕೊಂಡ ಹಾಗೆ. ನಮಗೆ ಮೊದಲು ಅನುಮಾನ ಬಂದದ್ದು ಓಣಿಯ ಹುಡುಗರ ಮೇಲೆ. ಅವರನ್ನು ಕರೆದು ಗದರಿಸಿದ್ದೂ ಆಯಿತು.

ಹೊಸಪೇಟೆಯಲ್ಲಿ ಪೇಂಟಿಂಗ್ ಮೇಸ್ತ್ರಿಯೊಬ್ಬರಿಗೆ ಗಾಡಿ ತೋರಿಸಿದೆವು. ಅವರು ಗೆರೆಯ ಮೇಲೆ ಉಗುರು ಎಳೆದು ನೋಡಿ ನಕ್ಕರು. "ಇದು ಯಾರೂ ಗೀಚಿದ್ದಲ್ಲ ಸರ್, ಒರೆಸಿದ್ದು. ಮನೇಲಿ ಯಾರೋ ಭಾಳ ಪ್ರೀತಿಯಿಂದ ಒರೆಸ್ತಾರೆ."

ನಮ್ಮ ಬಾಯಿ ಕಟ್ಟಿತು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ. ಅದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಹೊಳಪೆಲ್ಲ ಅದರದ್ದೇ. ಸಾಮಾನ್ಯವಾಗಿ ಅದು 40-50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ನಮ್ಮ ಕಡೆಯ ಧೂಳು ಬರೀ ಮಣ್ಣಲ್ಲ. ಮರಳಿನ ಕಣ, ಅದಿರಿನ ಕಣ ಎರಡೂ ಅದರಲ್ಲಿವೆ, ಎರಡೂ ಆ ಪದರಕ್ಕಿಂತ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಧೂಳು ಹೋಗುತ್ತದೆ ನಿಜ, ಹೋಗುವಾಗ ಗೀಚಿಕೊಂಡೇ ಹೋಗುತ್ತದೆ. ಬಿಳಿ ಕಾರಿಗೂ ಇಷ್ಟೇ ಗೆರೆ ಬೀಳುತ್ತವೆ, ಕಾಣುವುದಿಲ್ಲ. ಕರಿ ಕಾರೆಂದರೆ ಕರಿಹಲಗೆ ಇದ್ದ ಹಾಗೆ, ಬಳಪದ ಒಂದು ಗೆರೆಯೂ ಎದ್ದು ಕಾಣುತ್ತದೆ.

ತಪ್ಪು ಅಪ್ಪನದ್ದಷ್ಟೇ ಅಲ್ಲ. ಆಯುಧ ಪೂಜೆಯ ದಿನ ನಾವೇ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಗಾಡಿ ನಿಲ್ಲಿಸಿ, ಬಟ್ಟೆ ಒಗೆಯುವ ಪುಡಿ ಕಲಸಿ, ಬೋರ್‌ವೆಲ್ ನೀರಲ್ಲಿ ತೊಳೆದಿದ್ದೆವು. ಕರಿ ತಗಡು ಬಿಸಿಲಿಗೆ ಬೇಗ ಕಾಯುತ್ತದೆ. ನೀರು ಕ್ಷಣದಲ್ಲಿ ಆರಿ, ಅದರಲ್ಲಿದ್ದ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಕೂತಿತ್ತು. ಅದನ್ನು ತೆಗೆಯಲು ಮತ್ತೆ ಉಜ್ಜಿದ್ದೆವು. ಬಟ್ಟೆ ಪುಡಿಗೆ ಖಾರ ಜಾಸ್ತಿ. ಬಣ್ಣದ ಮೇಲೆ ವ್ಯಾಕ್ಸ್ ಇದ್ದರೆ ಅದನ್ನೂ ಕಿತ್ತುಕೊಂಡು ಹೋಗುತ್ತದೆ.

ಇನ್ನು ಅಪ್ಪನಿಗೆ ಹೇಳುವವರು ಯಾರು? ನಾಲ್ಕು ದಿನ ನೀನು ಹೇಳು, ನೀನು ಹೇಳು ಎಂದು ಮುಂದೂಡಿದೆವು. ಅಷ್ಟರಲ್ಲಿ ಅವರು ನಾಲ್ಕು ಸಲ ಒರೆಸಿದರು. ಕೊನೆಗೆ ಒಂದು ಸಂಜೆ ಮೊಬೈಲ್ ಟಾರ್ಚ್ ಹಿಡಿದು ಬಾನೆಟ್ ತೋರಿಸಿದೆವು. ಅಪ್ಪ ಬಗ್ಗಿ ನೋಡಿದರು. ಕನ್ನಡಕ ತರಿಸಿ ಮತ್ತೆ ನೋಡಿದರು.

"ಲಾರೀನೂ ಹಿಂಗ ಒರೆಸ್ತಿದ್ದೆ, ಏನಾಗ್ತಿತ್ತು?" ಅಂದರು. ಆಮೇಲೆ ಮಾತಿಲ್ಲ.

ಮರುದಿನ ಟವೆಲ್ಲು ಗೂಟದಲ್ಲೇ ಇತ್ತು. ಕಾರಿನ ಮೇಲೆ ಧೂಳು ಹಾಗೇ ಇತ್ತು. ಅಪ್ಪ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ನಾಲ್ಕು ದಿನ ಹೀಗೇ. ಐದನೇ ದಿನ ಅವ್ವ ಕೇಳಿದರು, "ಗಾಡಿ ಉಳಿಸ್ಕೊಂಡ್ರಿ, ಆ ಮನುಷ್ಯಾಗ ಮುಂಜಾನೆ ಕೆಲಸ ಏನು ಉಳಿಸಿದ್ರಿ?"

ಉತ್ತರ ಸಿಕ್ಕಿದ್ದು ಗೊಬ್ಬರದ ಅಂಗಡಿಯಲ್ಲಿ. ಹೊಲಕ್ಕೆ ಔಷಧಿ ಹೊಡೆಯುವ 16 ಲೀಟರಿನ ಬೆನ್ನಿನ ಪಂಪು ನಿಮಗೆ ಗೊತ್ತಲ್ಲ, ಅಂಥದ್ದೊಂದು ಹೊಸದು ತಂದೆವು. ಹಳೆಯದನ್ನು ಎಷ್ಟು ತೊಳೆದರೂ ಕಾರಿಗೆ ಬಳಸಬೇಡಿ, ವಿಷದ ಅಂಶ ಉಳಿದಿರುತ್ತದೆ. ಪಂಪನ್ನು ಬೆನ್ನಿಗೆ ಏರಿಸದೆ ಕಟ್ಟೆಯ ಮೇಲಿಟ್ಟು ಅಪ್ಪನ ಕೈಗೆ ನಳಿಗೆ ಕೊಟ್ಟೆವು. "ನೀರು ಹೊಡೆಯೋದು ನಿಂದಪ್ಪಾ, ಉಜ್ಜೋದು ನಮ್ಮದು." ಅವರು ಎರಡು ಸಲ ಪಂಪು ಒತ್ತಿ ನೋಡಿದರು. "ಬರ್ರಿ, ನೆಳ್ಳಿಗೆ ಹಚ್ರಿ ಗಾಡಿ" ಅಂದರು.

ಈಗ ನಮ್ಮ ಮನೆಯಲ್ಲಿ ಕಾರು ತೊಳೆಯುವುದು ಹೀಗೆ. ಕರಿ, ನೀಲಿ, ಕಡುಗೆಂಪು ಗಾಡಿ ಇರುವವರು ನೋಡಿಕೊಳ್ಳಿ.

ಹೊತ್ತು: ಬೆಳಗ್ಗೆ ಏಳರೊಳಗೆ ಅಥವಾ ಸಂಜೆ, ನೆರಳಲ್ಲಿ. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಚಕ್ರವೂ ಆರಿರಬೇಕು.

ಮೊದಲು ಬರೀ ನೀರು: ಬಟ್ಟೆ ಮುಟ್ಟಿಸುವ ಮೊದಲು ಮೇಲಿಂದ ಕೆಳಗೆ ಪಂಪಿನಲ್ಲಿ ನೀರು ಹೊಡೆದು ಧೂಳು ಇಳಿಸಬೇಕು. ಅರ್ಧ ಕೆಲಸ ಇದೇ. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಂಡ.

ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಲ್ಲಿ ಅದ್ದಿ ಒಂದು ಭಾಗ ತೊಳೆದ ಮೇಲೆ, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಮತ್ತೆ ಶಾಂಪೂ. ಮಣ್ಣೆಲ್ಲ ಎರಡನೇ ಬಕೆಟ್ಟಿನ ತಳ ಸೇರುತ್ತದೆ. ಒತ್ತಬೇಡಿ, ಬಟ್ಟೆಯ ಭಾರವೇ ಸಾಕು. ಗುಂಡುಗುಂಡಗೆ ಬೇಡ, ನೇರ ಎಳೆಯಿರಿ. ಮೇಲ್ಛಾವಣಿ ಮೊದಲು, ಬಾಗಿಲ ಕೆಳಭಾಗ ಕೊನೆಗೆ. ಚಕ್ರದ ಬಟ್ಟೆ ಬೇರೆಯೇ ಇರಲಿ. ಬಟ್ಟೆ ನೆಲಕ್ಕೆ ಬಿದ್ದರೆ ಆ ದಿನ ಅದು ಬಣ್ಣ ಮುಟ್ಟಬಾರದು.

ಆರಲು ಬಿಡಬೇಡಿ: ಒಂದೊಂದು ಭಾಗ ತೊಳೆದ ಹಾಗೇ ಪಂಪಿನಲ್ಲಿ ನೊರೆ ಇಳಿಸಿ. ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆ ಹಾಸಿ ನೀರು ಹೀರಿಸಿ. ಬೋರ್ ನೀರಾದರೆ ಇದು ಕಡ್ಡಾಯ. ಬಿಳಿ ಚುಕ್ಕೆ ಬಿದ್ದಿದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ, ತಣ್ಣಗಿನ ಬಣ್ಣದ ಮೇಲೆ ಒಂದು ನಿಮಿಷ ಇಟ್ಟು ಚೆನ್ನಾಗಿ ತೊಳೆಯಿರಿ. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರದವರೆಗೆ ಕಾಯಬೇಡಿ. ಒದ್ದೆ ಬಟ್ಟೆ ಹಾಕಿ ನೆನೆಸಿ ಅಂದೇ ಎತ್ತಿಬಿಡಿ.

ಎಲ್ಲ ಸೇರಿ 50-60 ಲೀಟರ್ ನೀರು ಸಾಕಾಗುತ್ತದೆ. ಬೇಸಿಗೆಯಲ್ಲಿ ನಲ್ಲಿ ಮುಂದೆ ಕೊಡಗಳ ಸಾಲು ನಿಂತಿರುವಾಗ ಪೈಪು ಹಿಡಿದು ಕಾರು ತೊಳೆಯುವುದು ನಮಗೇ ನಾಚಿಕೆ ಅನ್ನಿಸುತ್ತಿತ್ತು. ಪಂಪು ಬಂದ ಮೇಲೆ ಆ ಮುಜುಗರವೂ ಹೋಯಿತು. ತೊಳೆದ ಮೇಲೆ ಬ್ರೇಕ್ ಒದ್ದೆಯಾಗಿರುತ್ತದೆ, ಮೊದಲ ನೂರು ಮಾರು ನಿಧಾನ ಹೋಗಿ ಒತ್ತಿ ನೋಡಿ. ಒದ್ದೆ ಕೈಯಲ್ಲಿ ಮೋಟಾರಿನ ಸ್ವಿಚ್ ಮುಟ್ಟಬೇಡಿ.

ಇನ್ನು ಪಾಲಿಶ್. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಮೇಲಿನ ಪದರವನ್ನೇ ಚೂರು ಸವೆಸಿ ಗೆರೆ ಅಳಿಸುತ್ತದೆ. ವ್ಯಾಕ್ಸ್ ಮೇಲೆ ಕೂತು ಕಾಯುತ್ತದೆ. ಕೂದಲಿಗಿಂತ ತೆಳು ಪದರವನ್ನು ಹಬ್ಬಹಬ್ಬಕ್ಕೆ ಸವೆಸಿದರೆ ಏನು ಉಳಿದೀತು? ನಾವು ಒಮ್ಮೆ ಮಾತ್ರ ಕೈಯಲ್ಲೇ ನಯವಾದ ಪಾಲಿಶ್ ಹಾಕಿದೆವು. ತೊಳೆದು ಒಣಗಿಸಿದ ಮೇಲೆ, ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ಹಾಕಿ ನೋಡಿ, ಆಮೇಲೆ ಬಾನೆಟ್. ಮಷಿನ್ ಬಾಡಿಗೆ ತರುವ ಆಸೆಯಾಗಿತ್ತು, ಮೇಸ್ತ್ರಿ ಬೇಡವೆಂದರು. ಕೈ ಕೂರದವರು ಅಂಚಿನ ಮೇಲೆ ತುಸು ಹೊತ್ತು ನಿಲ್ಲಿಸಿದರೂ ಬಣ್ಣ ಸುಟ್ಟು ತಗಡು ಕಾಣುತ್ತದಂತೆ. ಉಗುರಿಗೆ ತಗಲುವ ಗೆರೆ ಪಾಲಿಶಿಗೆ ಹೋಗುವುದಿಲ್ಲ, ಅದರ ಹಿಂದೆ ಬೀಳಬೇಡಿ. ಪಾಲಿಶ್ ಆದ ಮೇಲೆ ವ್ಯಾಕ್ಸನ್ನು ತೆಳ್ಳಗೆ ಸವರಿ, ಮಬ್ಬಾದ ಮೇಲೆ ಒರೆಸಿದರೆ ಮುಗಿಯಿತು. ಎರಡು ಮೂರು ತಿಂಗಳಿಗೊಮ್ಮೆ ಅಷ್ಟು ಸಾಕು. ಹೊಳಪು ಬರಲಿ ಎಂದು ಡೀಸೆಲ್, ಸೀಮೆಎಣ್ಣೆ ಸವರುವವರಿದ್ದಾರೆ. ಎರಡು ಗಂಟೆ ಹೊಳೆಯುತ್ತದೆ, ಆಮೇಲೆ ಊರ ಧೂಳೆಲ್ಲ ಅದಕ್ಕೇ ಅಂಟುತ್ತದೆ.

ಗೆರೆ ಪೂರ್ತಿ ಹೋಗಿಲ್ಲ. ಬಂಕಿನ ದೀಪದ ಕೆಳಗೆ ಈಗಲೂ ಕಾಣುತ್ತವೆ, ಮೊದಲಿನಷ್ಟಿಲ್ಲ. ಗದರಿಸಿಕೊಂಡ ಹುಡುಗರಿಗೆ ಒಂದು ದಿನ ಕಾರಿನಲ್ಲಿ ತುಂಗಭದ್ರಾ ಡ್ಯಾಮ್ ತೋರಿಸಿ ಬಂದೆವು.

ಅಪ್ಪನ ಟವೆಲ್ಲು ಹೆಗಲಿಗೆ ಮರಳಿದೆ, ಬೆವರು ಒರೆಸಲು. ಮೊನ್ನೆ ಹಾಲಿನ ಗಾಡಿಯ ಹುಡುಗ ತನ್ನ ಹೊಸ ಕರಿ ಬೈಕಿನ ಟ್ಯಾಂಕನ್ನು ತೋಳಿನಿಂದ ಉಜ್ಜುತ್ತಿದ್ದ. ಅಪ್ಪ ಕಟ್ಟೆಯಿಂದಲೇ ಕೂಗಿದರು:

"ಲೇ ತಮ್ಮಾ, ಒಣ ಅರಿವಿ ಹಚ್ಚಬ್ಯಾಡಲೇ! ಮೊದ್ಲು ನೀರು. ನಿಂದ್ರು, ಪಂಪು ತರ್ತೀನಿ."