ದೆಹಲಿಯ ಕಂಬವೂ ಮಠದ ಕಡತವೂ

ಸದ್ಭಕ್ತರೇ, ಮಠದ ಪ್ರಸಾದ ನಿಲಯದಲ್ಲಿ ಓದಿ ಬೆಳೆದು ಇಂದು ನಾನಾ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳೇ,

ಉತ್ತರ ದೇಶದ ಯಾತ್ರೆಯ ಅನುಭವವನ್ನು ಬರೆಯಬೇಕೆಂದು ನಿಮ್ಮಲ್ಲಿ ಹಲವರು ಬಹುದಿನಗಳಿಂದ ಕೇಳುತ್ತ ಬಂದಿದ್ದೀರಿ. ಪ್ರವಾಸದ ಬರಹಗಳಲ್ಲಿ ಕಂಡದ್ದರ ವರ್ಣನೆ ಹೆಚ್ಚು. ಕಂಡದ್ದರಿಂದ ನಮ್ಮೊಳಗೆ ಏನಾಯಿತೆಂಬ ಮಾತು ಕಡಿಮೆ. ಆದುದರಿಂದ ನಾವು ಸುಮ್ಮನಿದ್ದೆವು. ಈಗ ಬರೆಯಲು ಕಾರಣ ಬೇರೆ. ಈ ಬರಹದ ಕೊನೆಯಲ್ಲಿ ನಮ್ಮದೊಂದು ತಪ್ಪೊಪ್ಪಿಗೆಯಿದೆ, ನಿಮ್ಮಲ್ಲಿ ಒಂದು ಬಿನ್ನಹವಿದೆ. ಅವೆರಡಕ್ಕೂ ದೆಹಲಿಯೇ ನಿಮಿತ್ತವಾಯಿತು.

2022ರ ನವೆಂಬರ್ ತಿಂಗಳಲ್ಲಿ ಯಾತ್ರೆ ಮುಗಿಸಿ ಮರಳುವಾಗ ನಮಗೆ ದೆಹಲಿಯಲ್ಲಿ ಮೂರು ದಿನಗಳ ಬಿಡುವು ದೊರೆಯಿತು. ನಮ್ಮೊಡನೆ ಪ್ರಸಾದ ನಿಲಯದ ಆರು ಮಂದಿ ವಿದ್ಯಾರ್ಥಿಗಳಿದ್ದರು. ರಾಜಧಾನಿಯನ್ನು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಮಕ್ಕಳು. ಅವರ ಉತ್ಸಾಹಕ್ಕೆ ಮಿತಿಯಿರಲಿಲ್ಲ. ನಮ್ಮ ಮೊಣಕಾಲುಗಳಿಗೆ ಮಾತ್ರ ಮಿತಿಯಿತ್ತು.

ಮೊದಲ ದಿನ ಕೆಂಪುಕೋಟೆಯನ್ನೂ ಇಂಡಿಯಾ ಗೇಟನ್ನೂ ನೋಡಿದೆವು. 1648ರಲ್ಲಿ ಷಹಜಹಾನನು ಪೂರ್ತಿಗೊಳಿಸಿದ ಆ ಕೋಟೆಯ ಮೇಲೆಯೇ 1947ರ ಆಗಸ್ಟ್ 16ರಂದು ನೆಹರೂ ಅವರು ರಾಷ್ಟ್ರಧ್ವಜವನ್ನು ಏರಿಸಿದರು. ಕಟ್ಟಿದವನ ಅರಸೊತ್ತಿಗೆ ಹೋಯಿತು, ಅದನ್ನು ಕಸಿದುಕೊಂಡವರ ಆಳ್ವಿಕೆಯೂ ಹೋಯಿತು, ಕೋಟೆ ನಿಂತಿದೆ. ಎರಡನೆಯ ದಿನ ಕುತುಬ್ ಮಿನಾರಿನ ಅಂಗಳದಲ್ಲಿ ಪ್ರಸಿದ್ಧವಾದ ಕಬ್ಬಿಣದ ಕಂಬವನ್ನು ಕಂಡೆವು. ಎಪ್ಪತ್ತೆರಡು ಮೀಟರಿಗೂ ಮಿಕ್ಕಿದ ಮಿನಾರಿನ ಮುಂದೆ ಏಳು ಮೀಟರಿನ ಈ ಕಂಬ ಗಿಡ್ಡವಾಗಿ ತೋರುತ್ತದೆ. ಆದರೆ ಅದು ಮಿನಾರಿಗಿಂತ ಸುಮಾರು ಎಂಟುನೂರು ವರ್ಷ ಹಿರಿಯದು. ಚಂದ್ರನೆಂಬ ಅರಸನ ಕೀರ್ತಿಯನ್ನು ಹೇಳುವ ಆರು ಸಾಲುಗಳ ಸಂಸ್ಕೃತ ಶಾಸನ ಅದರ ಮೇಲಿದೆ. ಜನ ಬಂದು ಅದರೊಡನೆ ಚಿತ್ರ ತೆಗೆಸಿಕೊಳ್ಳುತ್ತಾರೆ, ತುಕ್ಕು ಹಿಡಿದಿಲ್ಲವೆಂದು ಬೆರಗಾಗುತ್ತಾರೆ, ಹೊರಟುಹೋಗುತ್ತಾರೆ. ಅಕ್ಷರಗಳ ಕಡೆಗೆ ಕಣ್ಣು ಹಾಯಿಸಿದವರು ನಮಗೆ ಕಾಣಲಿಲ್ಲ. ಅದೇನೂ ದೊಡ್ಡ ದೋಷವೆಂದು ಆ ದಿನ ನಮಗೆ ಅನ್ನಿಸಲೂ ಇಲ್ಲ.

ಮೂರನೆಯ ದಿನ ಗುರುವಾರ. ಬೆಳಿಗ್ಗೆ ಫಿರೋಜ್ ಷಾ ಕೋಟ್ಲಾಕ್ಕೆ ಹೋದೆವು. ಹದಿನಾಲ್ಕನೆಯ ಶತಮಾನದಲ್ಲಿ ಆಳಿದ ಸುಲ್ತಾನ ಫಿರೋಜ್ ಷಾ ತುಘಲಕನ ಪಾಳುಬಿದ್ದ ಅರಮನೆ-ಕೋಟೆಯಿದು. ಇದರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಲ್ಲಿನ ಕಟ್ಟಡವೊಂದಿದೆ. ಅದರ ನೆತ್ತಿಯ ಮೇಲೆ ಸುಮಾರು ಹದಿಮೂರು ಮೀಟರ್ ಎತ್ತರದ, ಇಂದಿಗೂ ಹೊಳಪು ಮಾಸದ ಒಂದೇ ಕಲ್ಲಿನ ಕಂಬ ನಿಂತಿದೆ. ಅದು ಸುಲ್ತಾನನದಲ್ಲ, ಅವನಿಗಿಂತ ಸಾವಿರದ ಆರುನೂರು ವರ್ಷ ಮೊದಲು ಆಳಿದ ಅಶೋಕ ಚಕ್ರವರ್ತಿಯದು.

ಇಂದಿನ ಹರಿಯಾಣದ ತೋಪ್ರಾ ಎಂಬ ಗ್ರಾಮದಲ್ಲಿದ್ದ ಈ ಕಂಬವನ್ನು ಸುಲ್ತಾನನು ದೆಹಲಿಗೆ ತರಿಸಿದ ಬಗೆಯನ್ನು ಆ ಕಾಲದ ಇತಿಹಾಸಕಾರ ಅಫೀಫನು ವಿವರವಾಗಿ ಬರೆದಿಟ್ಟಿದ್ದಾನೆ. ಕಂಬದ ಸುತ್ತ ಬೂರುಗದ ಹತ್ತಿಯ ರಾಶಿ ಹಾಕಿ, ಬುಡದ ಮಣ್ಣನ್ನು ಬಿಡಿಸಿ, ಆ ಮೆತ್ತೆಯ ಮೇಲೆ ಅದನ್ನು ಮೆಲ್ಲನೆ ಒರಗಿಸಿದರಂತೆ. ಬಳಿಕ ಹಸಿ ತೊಗಲಿನಲ್ಲಿಯೂ ಜೊಂಡಿನಲ್ಲಿಯೂ ಸುತ್ತಿ, ನಲವತ್ತೆರಡು ಗಾಲಿಗಳ ಬಂಡಿಯ ಮೇಲೇರಿಸಿ, ಗಾಲಿಗೊಂದರಂತೆ ಹಗ್ಗ ಕಟ್ಟಿ, ಒಂದೊಂದು ಹಗ್ಗವನ್ನು ಇನ್ನೂರು ಜನ ಎಳೆದು ಯಮುನೆಯ ದಡಕ್ಕೆ ಮುಟ್ಟಿಸಿದರು. ಅಲ್ಲಿಂದ ದೋಣಿಗಳ ಮೇಲೆ ದೆಹಲಿಗೆ ತಂದರು. ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಎಚ್ಚರದಿಂದ ಕಲ್ಲೊಂದನ್ನು ಸಾಗಿಸಿದ ಆ ದೊರೆಯ ಶ್ರದ್ಧೆಗೆ ತಲೆಬಾಗಬೇಕು.

ಕಂಬದ ಮೈತುಂಬ ಅಕ್ಷರಗಳಿದ್ದವು. ಅವುಗಳಲ್ಲಿ ಏನಿದೆಯೆಂದು ತಿಳಿಯುವ ಬಯಕೆ ಸುಲ್ತಾನನಿಗಾಯಿತು. ಪಂಡಿತರನ್ನು ಕರೆಸಿದನು, ಓದಬಲ್ಲವರು ಒಬ್ಬರೂ ಸಿಗಲಿಲ್ಲ. ಫಿರೋಜನೆಂಬ ಸುಲ್ತಾನ ಹುಟ್ಟುವವರೆಗೆ ಈ ಕಂಬವನ್ನು ಯಾರೂ ಕದಲಿಸಲಾರರೆಂದು ಇದರಲ್ಲಿ ಬರೆದಿದೆ ಎಂದು ಕೆಲವರು ಹೇಳಿದರಂತೆ! ಓದಲು ಬಾರದೆಂದು ಒಪ್ಪಿಕೊಂಡವರು ಪ್ರಾಮಾಣಿಕರು. ಬಾರದಿದ್ದರೂ ಬಂದಂತೆ ನಟಿಸಿ ಪ್ರಭುವಿನ ಕಿವಿಗೆ ಇಂಪಾದುದನ್ನು ನುಡಿದವರ ಸಂತತಿ ಇಂದಿಗೂ ಅಳಿದಿಲ್ಲ.

ಮೇಲಕ್ಕೆ ಹತ್ತಲು ನಮಗೆ ಅವಕಾಶವಿರಲಿಲ್ಲ. ಕೆಳಗೆ ನಿಂತು ಕತ್ತೆತ್ತಿ ನೋಡಿದೆವು. ಆಗ ಬೇರೊಂದು ದೃಶ್ಯ ಕಣ್ಣಿಗೆ ಬಿತ್ತು. ಗುರುವಾರಗಳಂದು ಅಲ್ಲಿಗೆ ನೂರಾರು ಮಂದಿ ಬರುತ್ತಾರೆ. ಹೊಗೆಯಿಂದ ಕಪ್ಪಾದ ಗೂಡುಗಳಲ್ಲಿ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಜಿನ್ನುಗಳೆಂಬ ಅಗೋಚರ ಶಕ್ತಿಗಳಿಗೆ ತಮ್ಮ ಕಷ್ಟಗಳನ್ನು ಕಾಗದದಲ್ಲಿ ಬರೆದು ಇಡುತ್ತಾರೆ. ಸರ್ಕಾರಿ ಕಚೇರಿಗೆ ಕೊಡುವ ಅರ್ಜಿಯಂತೆಯೇ ಹೆಸರು, ವಿಳಾಸ, ಭಾವಚಿತ್ರ. ಒಂದೇ ಅರ್ಜಿಯ ಹಲವು ಪ್ರತಿಗಳು, ಗೂಡಿಗೊಂದು. ಎಲ್ಲ ಮತಗಳವರೂ ಅಲ್ಲಿದ್ದರು. ಮುದುಕಿಯೊಬ್ಬಳು ಮಡಿಸಿದ ಕಾಗದವನ್ನು ಕಲ್ಲಿನ ಸಂದಿನಲ್ಲಿಟ್ಟು ಬಹಳ ಹೊತ್ತು ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಆ ನಂಬಿಕೆಯ ಸರಿತಪ್ಪುಗಳನ್ನು ವಿಚಾರಿಸುವ ಮನಸ್ಸು ನಮಗೆ ಬರಲಿಲ್ಲ. ತಾನು ಬರೆದುದನ್ನು ಯಾರಾದರೂ ಓದಿಯಾರು ಎಂಬ ಆಸೆ ಅವಳದು. ಅವಳ ತಲೆಯ ಮೇಲೆ ನಿಂತ ಕಂಬವನ್ನು ಬರೆಸಿದ ಚಕ್ರವರ್ತಿಯದೂ ಅದೇ ಆಸೆಯಾಗಿತ್ತು.

ಆಗ ನಮ್ಮ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಚಿಕ್ಕವನು ಕೇಳಿದನು: “ಅಪ್ಪಾರ, ಇಷ್ಟ ಕಷ್ಟಪಟ್ಟು ತಂದ್ರು. ಅದರಾಗ ಏನ್ ಬರದೈತಿ ಅಂತ ಮುಂದ ಯಾರಿಗೂ ತಿಳೀಲೇ ಇಲ್ಲೇನ್ರಿ?”

ನಾವು ಒಂದು ಮರದ ನೆರಳಿನಲ್ಲಿ ಕುಳಿತು ಆ ಕಥೆಯನ್ನು ಹೇಳಿದೆವು. ನಿಮಗೂ ಹೇಳುತ್ತೇವೆ. ಅರಸನ ಪಂಡಿತರಿಗೆ ಒಲಿಯದ ಅಕ್ಷರಗಳು 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹ ಪರೀಕ್ಷಿಸುವ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬಾತನಿಗೆ ಒಲಿದವು. ಅವನಿಗೆ ಕೀಲಿಕೈ ದೊರೆತದ್ದು ಚಕ್ರವರ್ತಿಯ ಕಂಬದಿಂದಲ್ಲ. ಸಾಂಚಿಯ ಸ್ತೂಪದ ಸುತ್ತಣ ಕಲ್ಲಿನ ಕಟಾಂಜನದಲ್ಲಿ ಪುಟ್ಟಪುಟ್ಟ ಬರಹಗಳಿದ್ದವು. ಅವುಗಳ ಪ್ರತಿಗಳನ್ನು ಸಾಲಾಗಿಟ್ಟು ನೋಡಿದಾಗ ಬಹುಪಾಲು ಎಲ್ಲವೂ ಅವೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ದೇವಸ್ಥಾನಕ್ಕೆ ಕಲ್ಲೋ ಕಂಬವೋ ಕೊಟ್ಟವರ ಹೆಸರುಗಳಿರಬೇಕು, ಕೊನೆಯ ಮಾತು ‘ದಾನಂ’ ಎಂದಿರಬೇಕು ಎಂದು ಅವನು ಊಹಿಸಿದನು. ಊಹೆ ನಿಜವಾಯಿತು. ಆ ಎರಡು ಅಕ್ಷರಗಳ ಬೆನ್ನು ಹಿಡಿದು ಉಳಿದ ಅಕ್ಷರಗಳೂ ಬಾಯಿಬಿಟ್ಟವು. ಕೆಲವೇ ದಿನಗಳಲ್ಲಿ ದೆಹಲಿಯ ಕಂಬವೂ ಮಾತನಾಡಿತು. ಚಕ್ರವರ್ತಿಯ ಆಜ್ಞೆಗೆ ಬಾಗಿಲು ತೆರೆದವರು ಒಂದೊಂದು ಕಲ್ಲು ಕೊಟ್ಟ ಸಾಮಾನ್ಯ ಭಕ್ತರು!

ಕಂಬವು ಹೇಳಿದ್ದೇನು? ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದುದು, ಮಾವಿನ ತೋಪುಗಳನ್ನು ಬೆಳೆಸಿದುದು, ಮನುಷ್ಯರಿಗೂ ದನಕರುಗಳಿಗೂ ಬಾವಿ ತೋಡಿಸಿದುದು. ಎಲ್ಲ ಪಂಥಗಳ ಹಿತವನ್ನು ನೋಡಿಕೊಳ್ಳಲು ಅಧಿಕಾರಿಗಳನ್ನಿಟ್ಟುದು. ಧರ್ಮವು ಕಟ್ಟಳೆಯಿಂದ ಬೆಳೆಯುವುದಕ್ಕಿಂತ ತಿಳಿಹೇಳುವುದರಿಂದ ಹೆಚ್ಚು ಬೆಳೆಯುವುದೆಂಬ ಅನುಭವ. ಈ ಏಳನೆಯ ಶಾಸನವು ಬೇರೆ ಯಾವ ಕಂಬದ ಮೇಲೆಯೂ ಸಿಕ್ಕಿಲ್ಲ. ಇದೊಂದರ ಮೇಲೆ ಮಾತ್ರ ಉಳಿದಿದೆ. ಸೂರ್ಯಚಂದ್ರರಿರುವ ತನಕ ತನ್ನ ಮಕ್ಕಳು ಮರಿಮಕ್ಕಳು ಇದರಂತೆ ನಡೆಯಲಿ ಎಂಬುದು ಅದರ ಹಾರೈಕೆ. ಸೂರ್ಯಚಂದ್ರರೇನೋ ಇದ್ದರು. ಓದುವವರೇ ನಡುವೆ ಇಲ್ಲವಾದರು.

ಮಕ್ಕಳಿಗೆ ಇಷ್ಟನ್ನು ಹೇಳುತ್ತಿರುವಾಗಲೇ ನಮ್ಮ ಬಾಲ್ಯ ನೆನಪಾಯಿತು. ಕೊಪ್ಪಳದ ಗವಿಮಠದ ಜಾತ್ರೆಗೆ ನಾವು ಹುಡುಗರಾಗಿದ್ದಾಗ ಹೋಗಿದ್ದೆವು. ಬೆಟ್ಟ ಹತ್ತಿ, ಬಂಡೆಯ ನೆರಳಿನಲ್ಲಿ ರೊಟ್ಟಿಬುತ್ತಿ ಬಿಚ್ಚಿ ಉಂಡೆವು. ಅದೇ ಬೆಟ್ಟದ ಮೇಲೆ ಅಶೋಕನ ಶಾಸನವಿರುವುದು 1931ರಲ್ಲಿಯೇ ಬೆಳಕಿಗೆ ಬಂದಿತ್ತು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಂತೂ ಅಶೋಕನೆಂಬ ಹೆಸರೇ ಇದ್ದು, ದೇವಾನಾಂಪ್ರಿಯನೆಂಬ ಬಿರುದಿನವನು ಅವನೇ ಎಂಬುದನ್ನು ಸ್ಥಿರಪಡಿಸಿತು. ಇವೆಲ್ಲ ನಮಗೆ ತಿಳಿದದ್ದು ವಿಶ್ವವಿದ್ಯಾಲಯದ ತರಗತಿಯಲ್ಲಿ ಕುಳಿತಾಗ. ಹಿರಿಯರು ಮಾತ್ರವಲ್ಲ, ಕಿರಿಯರೂ ಶ್ರಮಿಸಿದರೆ ಸ್ವರ್ಗವನ್ನು ಪಡೆಯಬಲ್ಲರೆಂಬ ಮಾತು ಅಂಥ ಸಣ್ಣ ಬಂಡೆಗಲ್ಲ ಶಾಸನಗಳಲ್ಲಿದೆ. ಆ ಮಾತಿನ ಪಕ್ಕದಲ್ಲಿಯೇ ಉಂಡು, ಕೈತೊಳೆದು, ಇಳಿದು ಬಂದಿದ್ದೆವು.

ಅಪರಾಹ್ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿನ ಸಂಪತ್ತನ್ನು ಹೇಳಹೊರಟರೆ ಇಡೀ ಸಂಚಿಕೆ ಸಾಲದು. ಮಕ್ಕಳು ಮೊಹೆಂಜೊದಾರೊದ ಕಂಚಿನ ನರ್ತಕಿಯನ್ನು ಕಂಡು, ಪಠ್ಯಪುಸ್ತಕದಲ್ಲಿ ಪುಟತುಂಬ ಇದ್ದವಳು ಒಂದು ಗೇಣಿಗಿಂತ ಚಿಕ್ಕವಳೇ ಎಂದು ಅಚ್ಚರಿಪಟ್ಟರು. ನಮ್ಮ ಕಾಲುಗಳು ಮಾತ್ರ ಸಿಂಧೂ ನಾಗರಿಕತೆಯ ಮುದ್ರೆಗಳ ಮುಂದೆ ನಿಂತುಬಿಟ್ಟವು. ಅಂಗೈಯಲ್ಲಿ ಅಡಗುವ ಕಲ್ಲಿನ ತುಣುಕುಗಳು; ಅವುಗಳ ಮೇಲೆ ಗೂಳಿ, ಆನೆ, ಖಡ್ಗಮೃಗ; ತಲೆಯ ಮೇಲೆ ನಾಲ್ಕೈದು ಅಕ್ಷರಗಳು. ನಾಲ್ಕು ಸಾವಿರ ವರ್ಷಗಳಿಗೂ ಹಳೆಯ ಆ ಲಿಪಿಯನ್ನು ಎಲ್ಲರೂ ಒಪ್ಪುವಂತೆ ಇಂದಿಗೂ ಯಾರೂ ಓದಿಲ್ಲ. ಗಾಜಿನ ಪೆಟ್ಟಿಗೆಯಿದೆ, ದೀಪವಿದೆ, ಕಾವಲುಗಾರನಿದ್ದಾನೆ. ಕಾಯುವ ಕೆಲಸದಲ್ಲಿ ಕೊರತೆಯಿಲ್ಲ. ಆದರೂ ಬರೆದವನ ಮಾತು ನಮಗೆ ಮುಟ್ಟಿಲ್ಲ. ಓದುವವರ ಸರಣಿ ಒಮ್ಮೆ ಕಡಿದರೆ, ಕಲ್ಲು ಉಳಿದರೂ ಮಾತು ಉಳಿಯದು.

ಸದ್ಭಕ್ತರೇ, ಆ ಗಾಜಿನ ಮುಂದೆ ನಿಂತಾಗ ನಮ್ಮ ಮಠದ ದೇವರ ಕೋಣೆಯ ಗೂಡಿನಲ್ಲಿರುವ ಕೆಂಪು ಅರಿವೆಯ ಗಂಟು ಕಣ್ಣ ಮುಂದೆ ಬಂತು. ನಿಮ್ಮಲ್ಲಿ ಅನೇಕರು ಅದನ್ನು ನೋಡಿದ್ದೀರಿ. ನವರಾತ್ರಿಯಲ್ಲಿ ಅದಕ್ಕೆ ವಿಭೂತಿ ಧರಿಸಿ, ಹೂವೇರಿಸಿ, ಮಂಗಳಾರತಿ ಮಾಡುತ್ತೇವೆ. ಸಣ್ಣವರಾಗಿದ್ದಾಗ ನೀವು ಅದಕ್ಕೆ ಕೈಮುಗಿದಿದ್ದೀರಿ. ಅದರೊಳಗೆ ಏನಿದೆಯೆಂದು ನೀವು ಕೇಳಲಿಲ್ಲ, ನಾವೂ ಹೇಳಲಿಲ್ಲ. ಏಕೆಂದರೆ ನಮಗೂ ತಿಳಿದಿರಲಿಲ್ಲ.

ನಾವು ಎಂ.ಎ. ಮುಗಿಸಿ ಮಠಕ್ಕೆ ಮರಳಿದ ದಿನ ಲಿಂಗೈಕ್ಯ ಪೂಜ್ಯ ಗುರುಗಳು ಆ ಗಂಟನ್ನು ತೋರಿಸಿ, “ನಮಗ ಕಣ್ಣು ಮಸುಕಾತು. ನೀವು ಹಳಗನ್ನಡ ಓದಿ ಬಂದೀರಿ. ಇದನ್ನ ಒಮ್ಮೆ ಬಿಚ್ಚಿ ನೋಡ್ರಿ” ಎಂದು ಅಪ್ಪಣೆ ಕೊಡಿಸಿದ್ದರು. ಆಗಲೆಂದೆವು. ಆ ವರ್ಷ ಪ್ರಸಾದ ನಿಲಯದ ಕಟ್ಟಡ, ಮರುವರ್ಷ ಬರಗಾಲ, ಬಳಿಕ ಪ್ರವಚನಗಳು, ಪಟ್ಟಾಧಿಕಾರದ ಹೊಣೆ. ನೆವಗಳಿಗೆ ಬಡತನವಿರಲಿಲ್ಲ. ಗುರುಗಳು ಎರಡನೆಯ ಸಲ ಕೇಳಲಿಲ್ಲ. ಹೀಗೆ ಮೂವತ್ತು ವರ್ಷ ಸಂದವು. ಬೇರೆ ಊರುಗಳ ಸಭೆಗಳಲ್ಲಿ ಹಸ್ತಪ್ರತಿಗಳ ರಕ್ಷಣೆಯನ್ನು ಕುರಿತು ನಾವು ಭಾಷಣ ಮಾಡಿದ್ದುಂಟು!

ಊರಿಗೆ ಮರಳಿದ ಮರುದಿನವೇ ಗಂಟನ್ನು ಬಿಚ್ಚಿದೆವು. ಮೇಲಿದ್ದ ಓಲೆಗರಿಯ ಕಟ್ಟು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿತ್ತು, ಬಿಡಿಸಹೋದರೆ ಪುಡಿಯಾಯಿತು. ಹುಳುಗಳು ಕೊರೆದ ತೂತುಗಳ ನಡುವೆ ಅಲ್ಲೊಂದು ಇಲ್ಲೊಂದು ಅಕ್ಷರ. ಅದು ಯಾವ ಗ್ರಂಥವಾಗಿತ್ತೆಂಬುದು ಇನ್ನು ಯಾರಿಗೂ ತಿಳಿಯದು. ಗುರುಗಳು ಹೇಳಿದ ದಿನವೇ ಬಿಚ್ಚಿದ್ದರೆ ಅದು ಉಳಿಯುತ್ತಿತ್ತು. ನಾವು ಹೂವಿನೊಡನೆ ಏರಿಸಿದ ನೀರಿನ ಪಸೆಯೂ ಅದರ ನಾಶಕ್ಕೆ ನೆರವಾಗಿತ್ತು. ಪೂಜೆ ಮಾಡುತ್ತಲೇ ಅದನ್ನು ಕೊಂದೆವು. ಇದು ನಮ್ಮ ತಪ್ಪು. ಇದನ್ನು ಕಾಲದ ಮೇಲೆ ಹೊರಿಸಲಾರೆವು.

ಅದರ ಕೆಳಗೆ ಒಂದು ಕಡತವಿತ್ತು. ಕಡತವೆಂದರೆ ಕಿರಿಯರಿಗೆ ತಿಳಿಯಲಿಕ್ಕಿಲ್ಲ: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಅರ್ಧದಷ್ಟು ಅಳಿಸಿಹೋಗಿತ್ತು. ಉಳಿದುದನ್ನು ಆ ಚಿಕ್ಕ ವಿದ್ಯಾರ್ಥಿ ತನ್ನ ಮೊಬೈಲಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ತೋರಿಸಿದನು. ನಾವು ಓದಿದೆವು, ಅವನು ಬರೆದುಕೊಂಡನು. ಅದರಲ್ಲಿ ಶಾಸ್ತ್ರವಿರಲಿಲ್ಲ, ಪುರಾಣವಿರಲಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಮಠದ ದಾಸೋಹಕ್ಕೆ ಧಾನ್ಯ ಕೊಟ್ಟವರ ಪಟ್ಟಿಯಿತ್ತು. ಕುಂಬಾರರ ಮನೆಯಿಂದ ಎರಡು ಸೇರು ಜೋಳ, ಅಗಸರ ಮನೆಯಿಂದ ಒಂದು ಸೇರು, ಒಬ್ಬ ವಿಧವೆಯಿಂದ ಅರ್ಧ ಸೇರು ನವಣೆ. ಈ ಮಠ ಯಾರ ಅನ್ನದಿಂದ ನಿಂತಿತೆಂದು ನಮಗೆ ಆ ರಾತ್ರಿ ತಿಳಿಯಿತು. ಕೋರಣ್ಯಕ್ಕೆ ಹೋದಾಗ ಯಾವ ಮನೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆಂಬುದೂ ತಿಳಿಯಿತು.

ಇದೀಗ ನಮ್ಮ ಬಿನ್ನಹ. ನಿಮ್ಮ ಮನೆಯ ಜಗಲಿಯ ಮೇಲೆ, ಅಟ್ಟದ ಮೂಲೆಯಲ್ಲಿ, ಅಜ್ಜನ ಪೆಟ್ಟಿಗೆಯಲ್ಲಿ ಇಂಥ ಗಂಟೊಂದು ಇದ್ದೀತು. ಅದಕ್ಕೆ ನೀರು ಸೋಕಿಸಬೇಡಿರಿ, ವಿಭೂತಿ ಬಳಿಯಬೇಡಿರಿ, ಬಿಸಿಲಿಗೆ ಹಾಕಬೇಡಿರಿ, ಅಂಟಿದ ಗರಿಗಳನ್ನು ನೀವೇ ಬಿಡಿಸಹೋಗಬೇಡಿರಿ. ಹಳೆಯದಾಯಿತೆಂದು ಹೊಳೆಗಂತೂ ಬಿಡಬೇಡಿರಿ. ಮಠಕ್ಕೆ ಒಪ್ಪಿಸಿರೆಂದು ನಾವು ಕೇಳುತ್ತಿಲ್ಲ. ಅದು ನಿಮ್ಮದು, ನಿಮ್ಮಲ್ಲಿಯೇ ಇರಲಿ. ಒಮ್ಮೆ ತಂದು ತೋರಿಸಿರಿ. ಚಿತ್ರ ತೆಗೆದು, ಓದಿ, ಅದರಲ್ಲಿ ಏನಿದೆಯೆಂದು ಬರೆದುಕೊಟ್ಟು ಮರಳಿಸುತ್ತೇವೆ. ಪ್ರತಿ ಸೋಮವಾರ ಸಂಜೆ ಪ್ರಸಾದ ನಿಲಯದ ಹತ್ತು ಮಕ್ಕಳು ಹಳೆಯ ಬರಹ ಓದುವುದನ್ನು ನಮ್ಮಲ್ಲಿ ಕಲಿಯುತ್ತಿದ್ದಾರೆ. ನಮ್ಮ ಕಣ್ಣುಗಳೂ ಗುರುಗಳ ಕಣ್ಣುಗಳಂತೆ ಮಸುಕಾಗುವ ಮೊದಲು ಅವರು ಕಲಿತುಕೊಳ್ಳಬೇಕು.

ಬರುವ ನವರಾತ್ರಿಯಲ್ಲಿ ಆ ಗೂಡಿನ ಮುಂದೆ ಆರತಿ ಎತ್ತುವ ಮೊದಲು ಕಡತದ ಹೆಸರುಗಳನ್ನು ಗಟ್ಟಿಯಾಗಿ ಓದಲಾಗುವುದು. ನಿಮ್ಮ ಮನೆತನದ ಹೆಸರು ಅದರಲ್ಲಿದ್ದೀತು. ಬಂದು ಕೇಳಿರಿ.