ಡಬ್ಬಿಯಲ್ಲಿ ಬರುತ್ತಿದ್ದ ‘ಎರಡು ಕನಸು’

‘ಎರಡು ಕನಸು’ ಸಿನಿಮಾವನ್ನು ಎಷ್ಟು ಸಲ ಓಡಿಸಿದ್ದೇನೋ ಲೆಕ್ಕವಿಲ್ಲ. ಪೂರ್ತಿ ನೋಡಿದ್ದು ಮಾತ್ರ ಈಗ, ಬೆಂಗಳೂರಿನ ನಾಗಸಂದ್ರದ ಮನೆಯಲ್ಲಿ, ಮೊಮ್ಮಗಳ ಫೋನಿನಲ್ಲಿ.

ಎಂಬತ್ತರ ದಶಕದಲ್ಲಿ ತುಮಕೂರು ರಸ್ತೆಯ ಒಂದು ಟಾಕೀಸಿನಲ್ಲಿ ನಾನು ಆಪರೇಟರ್. ವಾಣಿಯವರ ಕಾದಂಬರಿಯನ್ನು ದೊರೆ–ಭಗವಾನ್ ಸಿನಿಮಾ ಮಾಡಿದ್ದು 1974ರಲ್ಲಿ. ನಮ್ಮಲ್ಲಿಗೆ ಬರುವ ಹೊತ್ತಿಗೆ ಪ್ರಿಂಟು ಊರೂರು ಅಲೆದು ಬಣ್ಣಗೆಟ್ಟಿತ್ತು. ರಾಜ್‌ಕುಮಾರ್, ಕಲ್ಪನಾ, ಮಂಜುಳಾ ಎಲ್ಲರೂ ಗುಲಾಬಿ ಗುಲಾಬಿ. ಆದರೂ ಪೀಣ್ಯದಲ್ಲಿ ಶಿಫ್ಟ್ ಮುಗಿಸಿದ ಹುಡುಗರು ಎಣ್ಣೆಗೈಯಲ್ಲೇ ಟಿಕೆಟ್ ಸಾಲಿಗೆ ಬರುತ್ತಿದ್ದರು. ರಾಜನ್–ನಾಗೇಂದ್ರ ಅವರ ಹಾಡು ಶುರುವಾದರೆ ಶಿಳ್ಳೆ ಕ್ಯಾಬಿನ್ನಿಗೂ ಕೇಳಿಸುತ್ತಿತ್ತು.

ಆಪರೇಟರಿಗೆ ಸಿನಿಮಾ ನೋಡಲು ಪುರುಸೊತ್ತೆಲ್ಲಿ? ಸಾವಿರ ಅಡಿಯ ರೀಲು 11 ನಿಮಿಷಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಇನ್ನೊಂದು ಮೆಷಿನ್ನಿಗೆ ಮುಂದಿನ ರೀಲು ಹಾಕಿ, ಮುಗಿದದ್ದನ್ನು ರಿವೈಂಡ್ ಮಾಡಿ, ಬೆಳಕಿಗಾಗಿ ಉರಿಯುವ ಕಾರ್ಬನ್ ಕಡ್ಡಿಯನ್ನು ಮುಂದೆ ತಳ್ಳುತ್ತಿರಬೇಕು. ಕೊಂಚ ಮರೆತರೆ ಪರದೆ ಕಪ್ಪು, ಕೆಳಗಿನಿಂದ ಬೈಗುಳ. ಫಿಲ್ಮು ಹರಿದರೆ ಎರಡೂ ತುದಿ ಕತ್ತರಿಸಿ, ಕೆರೆದು, ಫಿಲ್ಮ್ ಸಿಮೆಂಟ್ ಹಚ್ಚಿ ಒತ್ತಬೇಕು. 24 ಫ್ರೇಮ್ ಹೋದರೆ ಒಂದು ಸೆಕೆಂಡು ಹೋಯಿತು. ಕತ್ತರಿಸಿದ ತುಂಡುಗಳಿಗೆ ಹುಡುಗರು ಕ್ಯಾಬಿನ್ ಮೆಟ್ಟಿಲಲ್ಲಿ ಕಾದಿರುತ್ತಿದ್ದರು. ಹಾಳಾದ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು, ಮನೆ ಗೋಡೆಯ ಮೇಲೆ ತಮ್ಮದೇ ಷೋ ನಡೆಸುವ ಕಳ್ಳರು!

ಕಾರ್ಬನ್ ಹೋಗಿ ಜೆನಾನ್ ದೀಪ ಬಂತು, ಆಮೇಲೆ ಡಬ್ಬಿಗಳೇ ಬರುವುದು ನಿಂತು ಹಾರ್ಡ್‌ಡಿಸ್ಕ್ ಬಂತು. ನಮ್ಮ ಟಾಕೀಸ್ ಅಷ್ಟು ದಿನ ಬಾಳಲಿಲ್ಲ. ಅದು ಮುಚ್ಚಿದ ಮೇಲೆ, 2015ರ ಮೇ ತಿಂಗಳಲ್ಲಿ ನಾಗಸಂದ್ರಕ್ಕೆ ಮೆಟ್ರೋ ಬಂತು; ಇಲ್ಲಿನ ಹುಡುಗರು ಮಾಲಿನ ಸಿನಿಮಾಕ್ಕೆ ಹೋಗತೊಡಗಿದರು. ಅಲ್ಲಿ ಮೆಷಿನ್ ಸದ್ದೂ ಇಲ್ಲ, ಬೈಸಿಕೊಳ್ಳುವವನೂ ಇಲ್ಲ.

ಫೋನಿನಲ್ಲಿ ನೋಡುವಾಗ ನನಗೆ ಆಶ್ಚರ್ಯವಾಗಿದ್ದು ಬಣ್ಣವಲ್ಲ, ಕಲ್ಪನಾ. ರೀಲಿನಲ್ಲಿ ಮೊದಲು ಸವೆಯುವುದು ತಲೆ ಮತ್ತು ಬಾಲ. ಮಾತು ಮುಗಿದಮೇಲೆ ಕಲ್ಪನಾ ಮಾಡಿದ ಹೆಂಡತಿ ಗೌರಿ ಸುಮ್ಮನೆ ನಿಂತಿರುವ ಹೊತ್ತೆಲ್ಲ ನಮ್ಮಂಥವರ ಕತ್ತರಿಗೆ ಹೋಗಿತ್ತು. ನಮ್ಮ ಪ್ರಿಂಟಿನಲ್ಲಿ ಹಳೆಯ ಪ್ರೇಮಕ್ಕೆ ಕೊರಗುವ ಗಂಡ, ರಾಜ್‌ಕುಮಾರ್ ಮಾಡಿದ ಇಂಗ್ಲಿಷ್ ಮೇಷ್ಟ್ರೇ ದೊಡ್ಡ ದುಃಖಿ. ಪೂರ್ತಿ ನೋಡಿದರೆ ಆತ ಹೆಂಡತಿಗೆ ಮಾಡುವುದು ಸಣ್ಣ ಅನ್ಯಾಯವಲ್ಲ.

“ಈ ಮೇಷ್ಟ್ರು ಮನೇಲಿ ಬಾಯಿ ಬಿಟ್ಟು ಮಾತಾಡಿದ್ರೆ ಇಂಟರ್‌ವಲ್‌ಗೇ ಮುಗಿದಿರೋದು ತಾತ” ಅಂದಳು ಮೊಮ್ಮಗಳು. ಅದೂ ನಿಜವೇ. ಆದರೆ ಇಂಟರ್‌ವಲ್‌ಗೇ ಮುಗಿದರೆ ಕ್ಯಾಂಟೀನಿನವನ ಗತಿ?