ಗುರಿ ಇರುವುದು ಮಣಿಕಟ್ಟಿನಲ್ಲಿ

ಗುರಿ ಇಡುವುದನ್ನು ನಮ್ಮ ಮಂಡ್ಯ ಸೀಮೆಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಳವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಗೋಲಿಯಾಟದ ನಿಪುಣರು ಹತ್ತು ಅಡಿ ದೂರದ ಗೋಲಿಗೆ ಟಣ್ಣನೆ ಹೊಡೆಯುತ್ತಿದ್ದರು. ಅವರಲ್ಲಿ ಒಬ್ಬನೂ ತನ್ನ ಬೆರಳನ್ನು ನೋಡಿಕೊಳ್ಳುತ್ತಿರಲಿಲ್ಲ. ಕಣ್ಣು ಎದುರಿನ ಗೋಲಿಯ ಮೇಲೆ, ಲೆಕ್ಕವೆಲ್ಲ ಕೈಯದು. ಪಿಸ್ತೂಲಿನಲ್ಲಿ ಬೇಗ ಗುರಿ ಹೊಡೆಯುವವರ ಗುಟ್ಟಿನಲ್ಲೂ ಇದರ ಪಾಲು ದೊಡ್ಡದು ಎಂದು ನನಗೆ ತಿಳಿದದ್ದು ಮಗಳು ಆ ಆಟಕ್ಕೆ ಇಳಿದ ಮೇಲೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ, ಮದ್ದೂರಿನಲ್ಲಿ ಪಿಯುಸಿ ಓದುತ್ತಿದ್ದ ಮಗಳು ‘ಅಪ್ಪ, ನಾನೂ ಕಲೀತೀನಿ’ ಎಂದಳು. ಊರಿಂದ ಬಂದಿದ್ದ ಅವ್ವ, ‘ಹೆಣ್ ಮಗೀಗೆ ಬಂದೂಕ ಯಾಕ್ಲಾ? ನಾಳೆ ಗಂಡಿನ ಕಡೆಯೋರು ಕೇಳುದ್ರೆ ಏನಂತೀಯ?’ ಎಂದರು. ಹೆಂಡತಿಗೆ ಪರೀಕ್ಷೆಯ ಅಂಕಗಳ ಚಿಂತೆ. ನನ್ನ ಅಳುಕು ಬೇರೆ. ಮಗಳಿಗೆ ಮೂಗಿನ ತುದಿಯಲ್ಲೇ ಕೋಪ. ಅಂಥವಳ ಕೈಗೆ ಆಯುಧ ಕೊಡುವುದೇ? ಕೊನೆಗೆ, ಸ್ವಲ್ಪ ದಿನ ನೋಡೋಣ ಎಂದು ಒಪ್ಪಿದೆವು. ಭಾನುವಾರ ಬೆಳಿಗ್ಗೆ ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ರೇಂಜಿಗೆ ಹೋಗುವುದು ರೂಢಿಯಾಯಿತು.

ಮೊದಲ ಕೆಲವು ವಾರ ಕೋಚ್ ಅವಳಿಗೆ ಗುಂಡನ್ನೇ ಕೊಡಲಿಲ್ಲ. ಬರೀ ಹಿಡಿತದ ಪಾಠ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಮೇಲ್ತುದಿಗೆ ಒತ್ತಿ ಕೂರಬೇಕು. ಆಗ ನಳಿಕೆ ಮುಂಗೈಯ ನೇರಕ್ಕೆ ಬರುತ್ತದೆ. ಬಿಗಿ ನಡುಬೆರಳು, ಉಂಗುರದ ಬೆರಳುಗಳದ್ದು. ಹೆಬ್ಬೆರಳು, ಕಿರುಬೆರಳು ಸುಮ್ಮನಿರಬೇಕು. ತೋರುಬೆರಳು ಹಿಡಿಗೆ ತಗಲದೆ ಕುದುರೆಯನ್ನು ನೇರ ಹಿಂದಕ್ಕೆ ಮೆಲ್ಲಗೆ ಎಳೆಯಬೇಕು. ಮಣಿಕಟ್ಟು ಮಾತ್ರ ಅಲುಗಕೂಡದು.

ಮಣಿಕಟ್ಟಿಗೆ ಯಾಕಿಷ್ಟು ಮರ್ಯಾದೆ? ಪಿಸ್ತೂಲಿನ ಹಿಂದಿನ ಕಚ್ಚಿಗೂ ಮುಂದಿನ ಗುರಿಮೊಳೆಗೂ ಅಂತರ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೊಳೆ ಒಂದೇ ಮಿಲಿಮೀಟರ್ ಪಕ್ಕಕ್ಕೆ ಓರೆಯಾದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 33 ಮಿಲಿಮೀಟರ್ ಆಚೆಗೆ ಬೀಳುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವೇ 11.5 ಮಿಲಿಮೀಟರ್! ಸಿಗುವುದು ಆರು ಅಂಕ. ಅದೇ, ಇಡೀ ತೋಳು ನೆಟ್ಟಗಿದ್ದುಕೊಂಡೇ ಒಂದು ಮಿಲಿಮೀಟರ್ ಸರಿದರೆ ಗುಂಡೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಹೈಸ್ಕೂಲಿನ ಸಮರೂಪ ತ್ರಿಭುಜದ ಪಾಠ ಇದು. ಮಗಳು ಅದನ್ನು ಬಾಯಿಪಾಠ ಮಾಡಿದ್ದಳು, ಅರ್ಥವಾದದ್ದು ರೇಂಜಿನಲ್ಲಿ.

ಇನ್ನೊಂದು ಅಭ್ಯಾಸ ನನಗೆ ಬಹಳ ಹಿಡಿಸಿತು. ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಗುರಿಯ ಕಡೆಗೆ ಎತ್ತಿ, ಆಮೇಲೆ ಕಣ್ಣು ತೆರೆಯಬೇಕು. ಪಕ್ಕಕ್ಕೆ ಸರಿದಿದ್ದರೆ ಕೈಯನ್ನು ಎಳೆದು ತರಬಾರದು. ಪಾದಗಳನ್ನು ಸರಿಸಿ ಮತ್ತೆ ಎತ್ತಬೇಕು. ಹೀಗೆ ಸಾವಿರ ಸಲ ಎತ್ತಿದ ಕೈಗೆ ದಾರಿ ತಾನಾಗಿ ಗೊತ್ತಾಗುತ್ತದೆ. ಕಣ್ಣು ಕೊನೆಯ ಗಳಿಗೆಯಲ್ಲಿ ಮುಂದಿನ ಮೊಳೆಯನ್ನು ನೋಡಿ ‘ಸರಿ’ ಎಂದರಾಯಿತು. ಗುರಿ ಮಸುಕಾಗಿದ್ದರೂ ಚಿಂತೆಯಿಲ್ಲ. ಪುರುಷರ 25 ಮೀಟರ್ ರ್‍ಯಾಪಿಡ್ ಫೈರ್‌ನಲ್ಲಿ ಐದು ಗುರಿಗಳಿಗೆ ಐದು ಗುಂಡು ಹೊಡೆಯಲು ಮೊದಲು 8 ಸೆಕೆಂಡು, ಬಳಿಕ 6, ಕೊನೆಗೆ ಬರೀ 4 ಸೆಕೆಂಡು. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಅಲ್ಲಿ ಆತುರಪಟ್ಟು ಪ್ರಯೋಜನವಿಲ್ಲ. ಹಿಡಿತ ಮತ್ತು ನಿಲುವು ಮೊದಲೇ ಸರಿಯಿದ್ದರೆ ವೇಗ ಹಿಂದಿನಿಂದ ಬರುತ್ತದೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಕಥೆಯನ್ನು ಮಕ್ಕಳು ತಿಳಿದಿರಬೇಕು. 2013ರಲ್ಲಿ ಅವರು ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಮರುವರ್ಷವೇ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು.

ಇನ್ನು ನನ್ನ ಅಳುಕಿನ ಮಾತು. ರೇಂಜಿನಲ್ಲಿ ಕೆಲವು ಕಟ್ಟುನಿಟ್ಟುಗಳಿವೆ. ಹೊಡೆಯುವ ಗಳಿಗೆಯವರೆಗೆ ಬೆರಳು ಕುದುರೆಯ ಹೊರಗಿರಬೇಕು. ಖಾಲಿಯಿದ್ದರೂ ನಳಿಕೆ ಯಾರ ಕಡೆಗೂ ತಿರುಗಕೂಡದು. ಎಲ್ಲಕ್ಕಿಂತ ಕಷ್ಟದ್ದು ಮತ್ತೊಂದು: ಎತ್ತಿದ ಕೈ ಕೆಲವು ಸೆಕೆಂಡಿನಲ್ಲಿ ನೆಲೆಗೊಳ್ಳದಿದ್ದರೆ ಹೊಡೆಯದೆ ಇಳಿಸಿಬಿಡಬೇಕು. ಉಸಿರು ತೆಗೆದುಕೊಂಡು ಮತ್ತೆ ಮೊದಲಿನಿಂದ. ಮೊದಮೊದಲು ಮಗಳು ಹಟಕ್ಕೆ ಬಿದ್ದು ಹೊಡೆದೇ ಬಿಡುತ್ತಿದ್ದಳು, ಅಂಕ ಕಂಡು ಸಿಡುಕುತ್ತಿದ್ದಳು. ಈಗ ಇಳಿಸುತ್ತಾಳೆ. ಹೋದ ತಿಂಗಳು ತಮ್ಮ ಅವಳ ರೆಕಾರ್ಡ್ ಪುಸ್ತಕದ ಮೇಲೆ ಕಾಫಿ ಚೆಲ್ಲಿದಾಗ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು, ಪುಸ್ತಕ ಎತ್ತಿಕೊಂಡು ಬಿಸಿಲಿಗೆ ಹೋದಳು. ಅವಳಮ್ಮ ನನ್ನ ಮುಖ ನೋಡಿದಳು.

ಈ ಆಟ ಅಗ್ಗದ್ದಲ್ಲ; ಪದಕ ಎಲ್ಲರಿಗೂ ಬರುವುದೂ ಇಲ್ಲ. ಮಕ್ಕಳು ಕೇಳಿದರೆ ಒಂದು ದಿನ ರೇಂಜಿಗೆ ಕರೆದೊಯ್ದು ತೋರಿಸಿ. ಕವಣೆ ಹಿಡಿದು ಹಕ್ಕಿಗೆ ಗುರಿ ಇಡುವ ಹುಡುಗರಿದ್ದರೆ ಮೊದಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯಿರಿ. ಹೆಜ್ಜಾರ್ಲೆಗಳು ಅಲ್ಲಿ ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವುಗಳಿಗೆ ಕಲ್ಲೆತ್ತುವುದಿಲ್ಲ. ಸಂಜೆ ಮನೆಗೆ ಬಂದ ಮಕ್ಕಳನ್ನು ‘ಎಷ್ಟು ಅಂಕ?’ ಎಂದು ಕೇಳುವ ಮೊದಲು ‘ಇವತ್ತು ಎಷ್ಟು ಸಲ ಕೈ ಇಳಿಸಿದೆ?’ ಎಂದು ಕೇಳಿ ನೋಡಿ.